ಇನುಯಿಟ್ ಚಿತ್ರಕಾರರು, ಉತ್ತರದ ನೆಲ, ಕಲ್ಲಿನ ಅಚ್ಚು: ಪದೇ ಪದೇ ಕೇಳುವ ಪ್ರಶ್ನೆಗಳು

ಇನುಯಿಟ್ ಎಂದರೆ ಯಾರು? ಎಸ್ಕಿಮೊ ಎನ್ನಬಾರದೇ?

ಅಲಾಸ್ಕಾದಿಂದ ಕೆನಡಾದ ಉತ್ತರ ತುದಿಯನ್ನು ಹಾದು ಗ್ರೀನ್‌ಲ್ಯಾಂಡ್‌ವರೆಗಿನ ಕರಾವಳಿಯ ಜನ. ಕೆನಡಾದಲ್ಲಿ 2021ರ ಜನಗಣತಿಯ ಪ್ರಕಾರ ಸುಮಾರು 70,000 ಮಂದಿ ಇದ್ದಾರೆ. ಅವರ ಭಾಷೆಯಲ್ಲಿ ಒಬ್ಬರಿದ್ದರೆ ‘ಇನುಕ್’, ಇಬ್ಬರಿದ್ದರೆ ‘ಇನೂಕ್’, ಅದಕ್ಕಿಂತ ಹೆಚ್ಚಿದ್ದರೆ ‘ಇನುಯಿಟ್’. ಹಾಗಾಗಿ ‘ಇನುಯಿಟ್‌ಗಳು’ ಎಂದು ಬರೆದರೆ ‘ಮಕ್ಕಳುಗಳು’ ಎಂದಂತಾಗುತ್ತದೆ. ‘ಎಸ್ಕಿಮೊ’ ಹೊರಗಿನವರು ಇಟ್ಟ ಹೆಸರು, ಕೆನಡಾದಲ್ಲಿ ಈಗ ಅದನ್ನು ಯಾರೂ ಸೌಜನ್ಯದ ಮಾತಾಗಿ ಬಳಸುವುದಿಲ್ಲ. ಹಳೆಯ ಪ್ರಿಂಟುಗಳ ಮುದ್ರೆಯಲ್ಲಿ, ಹಳೆಯ ಸಹಕಾರ ಸಂಘದ ಹೆಸರಿನಲ್ಲಿ ಮಾತ್ರ ಉಳಿದುಕೊಂಡಿದೆ.

ಇನುಯಿಟ್ ಪೇಂಟರ್‌ಗಳನ್ನು ಹುಡುಕಿದರೆ ಬರೀ ಪೆನ್ಸಿಲ್ ಚಿತ್ರ, ಪ್ರಿಂಟುಗಳೇ ಸಿಗುತ್ತವಲ್ಲ, ಯಾಕೆ?

ಹುಡುಕಿದ ಪದದಲ್ಲೇ ಸ್ವಲ್ಪ ಎಡವಟ್ಟಿದೆ. ಕ್ಯಾನ್ವಾಸ್ ಮೇಲೆ ಎಣ್ಣೆಬಣ್ಣ ಹಚ್ಚುವವರು ಅಲ್ಲಿ ಕಡಿಮೆ. ಕಳೆದ 65 ವರ್ಷಗಳ ದೊಡ್ಡ ಕೆಲಸವೆಲ್ಲ ಕಾಗದದ ಮೇಲೆ, ಪೆನ್ಸಿಲ್, ಬಣ್ಣದ ಪೆನ್ಸಿಲ್, ಕಪ್ಪು ಶಾಯಿಯ ಸಣ್ಣ ಮೊನೆಯ ಪೆನ್ನಿನಲ್ಲಿ ಆಗಿದೆ. ಕಾರಣ ಅಭಿರುಚಿಗಿಂತ ಹೆಚ್ಚಾಗಿ ಸಾಗಾಟ ಮತ್ತು ಚಳಿ.

ಇನುಯಿಟ್ ಊರುಗಳಲ್ಲಿ ಬಹುತೇಕಕ್ಕೆ ಹೊರಗಿನಿಂದ ರಸ್ತೆಯಿಲ್ಲ. ಸಾಮಾನು ಬೇಸಿಗೆಯಲ್ಲಿ ಹಡಗಿನಿಂದ, ಉಳಿದ ಕಾಲದಲ್ಲಿ ಸಣ್ಣ ವಿಮಾನದಿಂದ ಬರಬೇಕು. ಕಾಗದ, ಪೆನ್ಸಿಲ್ ಹಗುರ, ಹೆಪ್ಪುಗಟ್ಟುವುದಿಲ್ಲ, ಒಡೆಯುವುದಿಲ್ಲ. ಅಕ್ರಿಲಿಕ್ ಬಣ್ಣ ನೀರಿನಲ್ಲಿ ತೇಲುವ ಅಂಟಿನ ಕಣ. ದಾರಿಯಲ್ಲಿ ನಾಲ್ಕಾರು ಸಲ ಹೆಪ್ಪುಗಟ್ಟಿ ಕರಗಿತೆಂದರೆ ಒಡೆದ ಹಾಲಿನಂತೆ ಗಂಟುಗಂಟಾಗುತ್ತದೆ, ಎಷ್ಟು ಕಲಕಿದರೂ ಕೂಡುವುದಿಲ್ಲ. ಬಣ್ಣ ಸರಿಯಾಗಿಯೇ ಬಂದರೂ, ಹಚ್ಚುವ ಜಾಗ ಸುಮಾರು 9–10 ಡಿಗ್ರಿಗಿಂತ ತಂಪಾಗಿದ್ದರೆ ಪದರ ಗಟ್ಟಿಯಾಗಿ ಹಿಡಿಯದೆ ಒಣಗಿದ ಮೇಲೆ ಬಿರಿಯುತ್ತದೆ. ಎಣ್ಣೆಬಣ್ಣಕ್ಕೆ ಬೇರೆ ತೊಂದರೆ: ಚಳಿಯಲ್ಲಿ ಒಣಗಲು ವಾರಗಟ್ಟಲೆ ಬೇಕು, ಜೊತೆಗೆ ಟರ್ಪೆಂಟೈನ್ ವಾಸನೆ. ಚಿಕ್ಕ ಮನೆ, ತುಂಬಿದ ಸಂಸಾರ, ಚಳಿಗಾಲಪೂರ್ತಿ ಮುಚ್ಚಿದ ಕಿಟಕಿ. ಮಕ್ಕಳು ಮಲಗಿರುವ ಕೋಣೆಯಲ್ಲಿ ಅದು ಆಗುವ ಮಾತಲ್ಲ. ಅಡುಗೆಮನೆಯ ಮೇಜಿನ ಮೇಲೆ ಬಿಡಿಸಿ, ಊಟದ ಹೊತ್ತಿಗೆ ಹಾಸಿಗೆಯಡಿ ಜಾರಿಸಬಹುದಾದದ್ದು ಕಾಗದ ಮಾತ್ರ.

ಬಣ್ಣದ ಪ್ರಯೋಗ ನಡೆದೇ ಇಲ್ಲ ಎಂದಲ್ಲ. 1970ರ ದಶಕದಲ್ಲಿ ಟೊರಾಂಟೊದ ಚಿತ್ರಕಾರ್ತಿ ಕೆ. ಎಂ. ಗ್ರಹಾಂ ಉತ್ತರದ ಕಿಂಗೈಟ್ ಊರಿಗೆ ಬಂದು ಹೋಗುತ್ತಿದ್ದ ದಿನಗಳಲ್ಲಿ ಅಲ್ಲಿನವರಿಗೆ ಅಕ್ರಿಲಿಕ್ ಕೈಗೆ ಸಿಕ್ಕಿತು. ಆ ಊರಿನ ಚಿತ್ರಕಾರರಾದ ಪುಡ್ಲೊ ಪುಡ್ಲಾಟ್, ಕಿಂಗ್ಮಿಯಾಟಾ ಎಟಿಡ್ಲೂಯಿ ಅದನ್ನು ತೆಳುವಾಗಿ, ಜಲವರ್ಣದಂತೆ, ಕಾಗದದ ಮೇಲೆ ಹರಿಸಿದರು. ಈಗಿನ ಕಿರಿಯರಲ್ಲಿ ಪಾಂಡ್ ಇನ್ಲೆಟ್ ಮೂಲದ ಮೇಗನ್ ಕಯಾಕ್-ಮೊಂಟೀತ್ ಹ್ಯಾಲಿಫ್ಯಾಕ್ಸ್‌ನಲ್ಲಿ ಕಲಿತು ನೇರ ಎಣ್ಣೆಬಣ್ಣದಲ್ಲೇ ಕೆಲಸ ಮಾಡುತ್ತಾರೆ. ದಕ್ಷಿಣದ ನಗರದಲ್ಲಿ ಸ್ಟುಡಿಯೊ ಇದ್ದರೆ ಮೇಲಿನ ಅಡ್ಡಿಗಳು ಇರುವುದಿಲ್ಲ.

ಎಲ್ಲರೂ ಕಿಂಗೈಟ್ ಕಿಂಗೈಟ್ ಎನ್ನುತ್ತಾರೆ, ಅಲ್ಲೇನಿದೆ?

ಬ್ಯಾಫಿನ್ ದ್ವೀಪದ ನೈಋತ್ಯ ಮೂಲೆಗೆ ಅಂಟಿದ ಪುಟ್ಟ ದ್ವೀಪದಲ್ಲಿರುವ, 1,400ರಷ್ಟು ಜನರ ಊರು. 2020ರವರೆಗೆ ಅಧಿಕೃತ ಹೆಸರು ಕೇಪ್ ಡಾರ್ಸೆಟ್. ಹಳೆಯ ಪ್ರಿಂಟಿನಲ್ಲಿ, ಪುಸ್ತಕದಲ್ಲಿ ‘ಡಾರ್ಸೆಟ್’ ಎಂದಿದ್ದರೆ ಇದೇ ಊರು. ಕಿಂಗೈಟ್ ಎಂದರೆ ಎತ್ತರದ ಗುಡ್ಡಗಳು.

1950ರ ದಶಕದಲ್ಲಿ ಸರ್ಕಾರಿ ಕೆಲಸದ ಮೇಲೆ ಅಲ್ಲಿದ್ದ ಜೇಮ್ಸ್ ಹ್ಯೂಸ್ಟನ್ 1957ರ ಸುಮಾರಿಗೆ ಚಿತ್ರಗಳನ್ನು ಕಾಗದಕ್ಕೆ ಒತ್ತುವ ಅಚ್ಚಿನ ಪ್ರಯೋಗ ಶುರು ಮಾಡಿದರು. 1958ರ ಕೊನೆಗೆ ಜಪಾನಿಗೆ ಹೋಗಿ ಉನ್‌ಇಚಿ ಹಿರತ್ಸುಕ ಅವರ ಬಳಿ ಮರದ ಅಚ್ಚಿನ ಕೆಲಸ ಕಲಿತು ಬಂದರು. 1959ರಲ್ಲಿ ಮೊದಲ ಕ್ಯಾಟಲಾಗ್ ಹೊರಬಂತು, ಸಹಕಾರ ಸಂಘವೂ ಆದದ್ದು ಆಗಲೇ. ಅಂದಿನಿಂದ ಅಲ್ಲಿನ ಸ್ಟುಡಿಯೊ ವರ್ಷಕ್ಕೊಂದು ಸಂಗ್ರಹ ಹೊರತರುತ್ತ ಬಂದಿದೆ. ಕಾಗದ ಜಪಾನಿನದು, ಒತ್ತುವ ರೀತಿ ಜಪಾನಿನದು, ಕಲ್ಲು ಕೆತ್ತುವ ಕೈ ಮಾತ್ರ ಊರಿನದು. ‘ಸಾವಿರಾರು ವರ್ಷಗಳ ಪ್ರಾಚೀನ ಕಲೆ’ ಎಂಬ ಅಂಗಡಿಯ ಚೀಟಿಯನ್ನು ನಂಬಬೇಡಿ. ದಂತ, ಎಲುಬಿನ ಕೆತ್ತನೆ, ತೊಗಲಿನ ಉಡುಪಿನ ಹೊಲಿಗೆ ಪ್ರಾಚೀನ. ಕಾಗದದ ಚಿತ್ರ ನಮ್ಮ ಅಜ್ಜ ಅಜ್ಜಿಯ ಕಾಲದ್ದು. ಅದರಿಂದ ಅದರ ಬೆಲೆಯೇನೂ ಕುಗ್ಗುವುದಿಲ್ಲ.

ಇದೊಂದೇ ಊರಲ್ಲ. ಬೇಕರ್ ಲೇಕ್, ಪಾಂಗ್ನಿರ್ಟುಂಗ್, ಉಲುಖಕ್ಟೋಕ್, ಪುವಿರ್ನಿಟುಕ್ ಊರುಗಳಲ್ಲೂ ಅಚ್ಚುಕೂಟಗಳು ನಡೆದವು. ಎಡೆಬಿಡದೆ ನಡೆದದ್ದು ಕಿಂಗೈಟ್.

ಸ್ಟೋನ್‌ಕಟ್ ಪ್ರಿಂಟ್ ಮಾಡುವುದು ಹೇಗೆ? ಇದೂ ಕಲ್ಲಚ್ಚೂ ಒಂದೇನಾ?

ಒಂದಲ್ಲ. ಕನ್ನಡದಲ್ಲಿ ಹಿಂದಿನಿಂದ ಕಲ್ಲಚ್ಚು ಎಂದದ್ದು ಲಿಥೋಗ್ರಾಫಿಯನ್ನು. ಅಲ್ಲಿ ಕಲ್ಲು ಸಪಾಟು, ಜಿಡ್ಡು ಮತ್ತು ನೀರು ಒಂದಕ್ಕೊಂದು ಸೇರದ ಗುಣದಿಂದ ಅಚ್ಚು ಬೀಳುತ್ತದೆ. ಕಿಂಗೈಟ್‌ಗೆ ಅದು 1970ರ ದಶಕದಲ್ಲಿ ಬಂತು. ಸ್ಟೋನ್‌ಕಟ್‌ನಲ್ಲಿ ಕಲ್ಲನ್ನು ಕೆತ್ತುತ್ತಾರೆ, ರಬ್ಬರ್ ಸ್ಟಾಂಪಿನಂತೆ ಉಬ್ಬಿದ ಭಾಗ ಮಾತ್ರ ಶಾಯಿ ಹಿಡಿಯುತ್ತದೆ.

ಚಿತ್ರ ಬಿಡಿಸುವವರು ಒಬ್ಬರು, ಕೆತ್ತುವವರು ಇನ್ನೊಬ್ಬರು, ಎಷ್ಟೋ ಸಲ ಒತ್ತುವವರು ಮತ್ತೊಬ್ಬರು. ಸಂಘ ಚಿತ್ರಕಾರರಿಂದ ಚಿತ್ರವನ್ನು ಕೈಮೇಲೆ ದುಡ್ಡು ಕೊಟ್ಟು ಕೊಳ್ಳುತ್ತದೆ, ಅದರಲ್ಲಿ ಕೆಲವು ಮಾತ್ರ ಅಚ್ಚಿಗೆ ಆಯ್ಕೆಯಾಗುತ್ತವೆ. ಆಯ್ದ ಚಿತ್ರವನ್ನು ಪಾರದರ್ಶಕ ಹಾಳೆಯ ಮೇಲೆ ತೆಗೆದು, ಆ ಹಾಳೆಯನ್ನು ತಿರುವಿ ಕಲ್ಲಿನ ಮೇಲಿಡುತ್ತಾರೆ. ಒತ್ತುವಾಗ ಎಡ ಬಲವಾಗುವುದರಿಂದ ಈಗಲೇ ತಿರುವದಿದ್ದರೆ ಗೂಬೆ ಆ ಕಡೆ ನೋಡುವ ಬದಲು ಈ ಕಡೆ ನೋಡುತ್ತದೆ. ಕಲ್ಲನ್ನು ಮೊದಲು ಅರದಿಂದ ತಿಕ್ಕಿ ಸಮತಟ್ಟು ಮಾಡಿ, ಗೆರೆ ಕಾಣಲೆಂದು ಬಿಳಿ ಬಣ್ಣ ಬಳಿದಿರುತ್ತಾರೆ. ಗೆರೆಯನ್ನು ಕಪ್ಪು ಶಾಯಿಯಲ್ಲಿ ತೀಡಿ, ಚಿತ್ರವಲ್ಲದ ಭಾಗವನ್ನೆಲ್ಲ ಉಳಿಯಿಂದ ತೆಗೆಯುತ್ತಾರೆ.

ಆಮೇಲೆ ರೋಲರ್‌ನಿಂದ ಶಾಯಿ. ನಾಲ್ಕು ಬಣ್ಣವಿದ್ದರೆ ನಾಲ್ಕನ್ನೂ ಒಂದೇ ಕಲ್ಲಿನ ಬೇರೆಬೇರೆ ಭಾಗಗಳಿಗೆ ಹಚ್ಚಬಹುದು. ಪಕ್ಕದ ಭಾಗಕ್ಕೆ ತಾಗದಂತೆ ಕತ್ತರಿಸಿದ ಕಾಗದ ಅಡ್ಡ ಇಡುತ್ತಾರೆ. ಮೇಲೆ ಜಪಾನಿನ ತೆಳುವಾದ ಕೋಜೊ ನಾರಿನ ಕಾಗದ ಹಾಸಿ, ಅದರ ಮೇಲೊಂದು ರಕ್ಷಣೆಯ ಹಾಳೆ ಇಟ್ಟು, ಬೆರಳಿನಿಂದ ಅಥವಾ ಸಣ್ಣ ಮೆತ್ತೆಯಿಂದ ಉಜ್ಜುತ್ತಾರೆ. ಭಾರದ ಒತ್ತುಯಂತ್ರ ಹಾಕಿದರೆ ಕಲ್ಲಿನ ತೆಳು ಅಂಚು ಮುರಿದೀತು. ಕಾಗದದ ಬೆನ್ನ ಮೇಲೆ ಕೈ ಓಡುವಾಗ ಎಲ್ಲಿ ಶಾಯಿ ಹಿಡಿಯಿತು, ಎಲ್ಲಿ ಇಲ್ಲ ಎಂಬುದು ಬೆರಳಿಗೆ ಗೊತ್ತಾಗುತ್ತದೆ. ಒಂದು ಮೂಲೆ ಎತ್ತಿ ನೋಡಿ, ಸಾಲದಿದ್ದರೆ ಮತ್ತೆ ಇಳಿಸಿ ಉಜ್ಜುವುದೂ ಉಂಟು. ಪ್ರತಿ ಪ್ರತಿಗೂ ಶಾಯಿಯನ್ನು ಹೊಸದಾಗಿ ಹಚ್ಚಬೇಕು. ಸಾಮಾನ್ಯವಾಗಿ 50 ಪ್ರತಿ ಮುಗಿದ ಮೇಲೆ ಕಲ್ಲಿನ ಮುಖ ತಿಕ್ಕಿ ಹಾಕುತ್ತಾರೆ, ಮತ್ತೆ ಅಚ್ಚು ತೆಗೆಯುವ ಹಾಗಿಲ್ಲ.

ಕೆಡುವುದು ಎಲ್ಲಿ? ಶಾಯಿ ದಪ್ಪವಾದರೆ ಗರಿಗಳ ನಡುವಿನ ಸಣ್ಣ ಸಂದು ಮುಚ್ಚಿಹೋಗುತ್ತದೆ. ಉಜ್ಜುವಾಗ ಕಾಗದ ಕೂದಲೆಳೆಯಷ್ಟು ಜಾರಿದರೂ ಗೆರೆ ಎರಡಾಗುತ್ತದೆ. ಕಲ್ಲಿನಲ್ಲಿ ಮೊದಲೇ ಕಾಣದ ಬಿರುಕಿದ್ದರೆ ವಾರಗಳ ಕೆತ್ತನೆ ಕೊನೆಯ ಏಟಿಗೆ ಚಕ್ಕೆಯೆದ್ದು ಹೋಗುತ್ತದೆ. ಸ್ಟೆನ್ಸಿಲ್‌ನಲ್ಲಿ, ಅಂದರೆ ಮೇಣ ಹಚ್ಚಿದ ಗಟ್ಟಿ ಹಾಳೆಯಲ್ಲಿ ಆಕಾರ ಕೊರೆದು ಬ್ರಷ್ಷಿನಿಂದ ಬಣ್ಣ ಕುಟ್ಟುವ ವಿಧಾನದಲ್ಲಿ, ಬ್ರಷ್ ಒದ್ದೆಯಾದರೆ ಬಣ್ಣ ಅಂಚಿನಡಿ ನುಸುಳುತ್ತದೆ. ಆ ಬ್ರಷ್ ಬಹುತೇಕ ಒಣಗಿರಬೇಕು.

ಇವರ ಭೂದೃಶ್ಯಗಳಲ್ಲಿ ದಿಗಂತವೇ ಕಾಣುವುದಿಲ್ಲವಲ್ಲ?

ಹಳೆಯ ತಲೆಮಾರಿನವರಲ್ಲಿ ಬಹಳ ಸಲ ಕಾಣುವುದಿಲ್ಲ, ನಿಜ. ಕಿಂಗೈಟ್‌ನ ಚಿತ್ರಕಾರ್ತಿ ಕೆನೊಜುವಾಕ್ ಅಶೆವಾಕ್ ಅವರ ‘ಮಾಯಾ ಗೂಬೆ’ಯನ್ನೇ ನೋಡಿ, 1960ರ ಸ್ಟೋನ್‌ಕಟ್. ಗುಂಡು ಕಣ್ಣಿನ ಗೂಬೆ ನಮ್ಮನ್ನೇ ದಿಟ್ಟಿಸುತ್ತದೆ. ತಲೆಯಿಂದ ಎದ್ದ ಗರಿಗಳು ಕಿರಣಗಳಂತೆ ಬಳುಕುತ್ತ ಕಾಗದದ ಅಂಚಿನ ತನಕ ಚಾಚುತ್ತವೆ. ಕೆಳಗೆ ನೆಲವಿಲ್ಲ, ಹಿಂದೆ ಆಕಾಶವಿಲ್ಲ, ಖಾಲಿ ಕಾಗದ ಮಾತ್ರ. ಆ ಖಾಲಿಯನ್ನು ಹಿಮ ಎಂದು ಓದಿಕೊಳ್ಳುವುದು ನಮ್ಮ ಅಭ್ಯಾಸ. 50 ಪ್ರತಿಗಳಲ್ಲಿ 25ಕ್ಕೆ ಬಾಲ ಕೆಂಪು, 25ಕ್ಕೆ ಹಸಿರು. 1970ರಲ್ಲಿ ಕೆನಡಾದ ಅಂಚೆಚೀಟಿಯ ಮೇಲೆ ಬಂತು. 2018ರಲ್ಲಿ ಒಂದು ಪ್ರತಿ ಟೊರಾಂಟೊ ಹರಾಜಿನಲ್ಲಿ 2 ಲಕ್ಷ ಕೆನಡಾ ಡಾಲರ್ ದಾಟಿತು.

ಭೂದೃಶ್ಯ ಎಂಬ ಪದವೇ ನಿಂತು ನೋಡುವವನದು. ನೆಲಕ್ಕೆ ಅವರ ಮಾತು ‘ನುನಾ’. ನುನಾ ಎಂದರೆ ಓಡಾಡಿ, ಬೇಟೆಯಾಡಿ, ಹಣ್ಣು ಆಯ್ದು, ಡೇರೆ ಹೂಡಿ ಬದುಕಿದ ಜಾಗ. ಹಾಗಾಗಿ ಒಂದೇ ಹಾಳೆಯಲ್ಲಿ ಡೇರೆಯನ್ನು ಪಕ್ಕದಿಂದ, ನದಿಯನ್ನು ಮೇಲಿನಿಂದ, ನಾಯಿಗಳ ಸಾಲನ್ನು ಮತ್ತೊಂದು ಕಡೆಯಿಂದ ತೋರಿಸುವುದಕ್ಕೆ ಅಡ್ಡಿಯಿಲ್ಲ. ಎಲ್ಲಿ ನಿಂತು ಬಿಡಿಸಿದರು ಎಂದು ಹುಡುಕಬೇಡಿ, ಎಲ್ಲಿಂದ ಎಲ್ಲಿಗೆ ಹೋದರು ಎಂದು ಹುಡುಕಿ. ಚಿತ್ರ ಬಿಚ್ಚಿಕೊಳ್ಳುತ್ತದೆ.

ದಿಗಂತ ಬೇಕಾದವರು ಈಟೀ ಪೂಟೂಗೂಕ್ (1951–2014) ಅವರನ್ನು ನೋಡಬೇಕು. ಫೋಟೊಗಳನ್ನೂ ಆಧಾರವಾಗಿಟ್ಟುಕೊಂಡು, ಬಣ್ಣದ ಪೆನ್ಸಿಲ್‌ನಲ್ಲಿ, ಸ್ಕೇಲ್ ಇಟ್ಟಷ್ಟು ನೇರವಾದ ಗೆರೆ. ಮೇಲೆ ಆಕಾಶ, ಕೆಳಗೆ ಹಿಮ, ನಡುವೆ ಒಂದು ಮನೆಯ ಗೋಡೆ. ಹಿಮ ಬಿಳಿಯಲ್ಲ ಎಂಬುದು ಅವರ ಹಾಳೆಗಳಲ್ಲಿ ಗೊತ್ತಾಗುತ್ತದೆ: ತಿಳಿನೀಲಿ, ಬೂದಿ, ನಸುಹಳದಿ. ಕಿಂಗೈಟ್ 64 ಡಿಗ್ರಿ ಉತ್ತರದಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ಹಗಲು ಸುಮಾರು 4 ಗಂಟೆ, ಜೂನ್‌ನಲ್ಲಿ 20 ಗಂಟೆಗೂ ಹೆಚ್ಚು. ಸೂರ್ಯ ತಲೆಯ ಮೇಲೆ ಬರುವುದೇ ಇಲ್ಲ, ಪಕ್ಕದಿಂದಲೇ ಬೆಳಕು. ಮರಗಳಿಲ್ಲದ ನಾಡು, ನೆರಳು ಬೀಳಿಸಲು ಗುಡ್ಡ ಮತ್ತು ಮನುಷ್ಯ ಮಾತ್ರ. ಇನ್ನೂ ಕಿರಿಯರಾದ ಊಲೂಸಿ ಸೈಲಾ ಅದೇ ಗುಡ್ಡಗಳಿಗೆ ಗುಲಾಬಿ, ನೇರಳೆ, ಕಿತ್ತಳೆ ಪಟ್ಟಿ ಎಳೆಯುತ್ತಾರೆ.

ಯಾರಿಂದ ನೋಡಲು ಶುರು ಮಾಡಬೇಕು?

ಒಂದು ಮನೆಯಿಂದ ಶುರು ಮಾಡಿ. ಪಿಟ್ಸಿಯೊಲಾಕ್ ಅಶೂನಾ (ಸುಮಾರು 1904–1983) ಗಂಡ ತೀರಿದ ಮೇಲೆ ಮಕ್ಕಳನ್ನು ಸಾಕಲು ಚಿತ್ರಕ್ಕೆ ಕೈಹಾಕಿದವರು. ಸಾವಿರಾರು ಹಾಳೆಗಳಲ್ಲಿ ಹಿಂದಿನ ಅಲೆಮಾರಿ ಬದುಕನ್ನು ಬಿಡಿಸಿದರು. ಮಗಳು ನಪಾಚಿ ಪೂಟೂಗೂಕ್ ಅದೇ ಬದುಕಿನ ಕಷ್ಟದ ಮುಖವನ್ನು ಬಿಡಿಸಿದರು. ನಪಾಚಿಯ ಮಗಳು ಆ್ಯನಿ ಪೂಟೂಗೂಕ್ (1969–2016) ತನ್ನ ಮನೆಯೊಳಗನ್ನು ಬಿಡಿಸಿದರು. ಪಿಟ್ಸಿಯೊಲಾಕ್ ಅವರ ಇನ್ನೊಬ್ಬ ಮೊಮ್ಮಗಳು ಶೂವಿನೈ ಅಶೂನಾ (ಜನನ 1961) ಮೊದಮೊದಲು ಕಪ್ಪು ಪೆನ್ನಿನಲ್ಲಿ ಕಿಂಗೈಟ್‌ನ ಒಂದೊಂದು ಬೆಣಚುಕಲ್ಲನ್ನೂ ಎಣಿಸಿದಂತೆ ಬಿಡಿಸುತ್ತಿದ್ದರು. ಈಗ ಆಳೆತ್ತರದ ಹಾಳೆಗಳಲ್ಲಿ ಭೂಗೋಳವನ್ನು ಹೆರುವ ಹೆಂಗಸರು, ಆಕ್ಟೋಪಸ್‌ಗಳು, ಊರಿನ ಜನ ಎಲ್ಲ ಒಟ್ಟಿಗೆ. 2022ರಲ್ಲಿ ಇಟಲಿಯ ವೆನಿಸ್ ಬಿಯೆನಾಲೆ ಕಲಾಪ್ರದರ್ಶನದಲ್ಲಿ ವಿಶೇಷ ಉಲ್ಲೇಖದ ಗೌರವ ಪಡೆದರು. ಒಂದೇ ಮನೆತನದ ಈ ನಾಲ್ವರನ್ನು ಸಾಲಾಗಿ ನೋಡಿದರೆ ನೂರು ವರ್ಷಗಳ ಬದಲಾವಣೆ ಕಣ್ಣಿಗೆ ಬೀಳುತ್ತದೆ.

ಆಮೇಲೆ ಟಿಮ್ ಪಿಟ್ಸಿಯುಲಾಕ್ (1967–2016). ಬೇಟೆಗಾರರಾಗಿದ್ದರಿಂದ ತಿಮಿಂಗಿಲದ ಮೈಯನ್ನು ಎಲ್ಲಿ ಯಾವ ಮಚ್ಚೆ ಎಂಬಷ್ಟು ಬಲ್ಲವರು, ಬುಲ್ಡೋಜರ್ ಬಿಡಿಸಿದರೂ ಅಷ್ಟೇ ಕಾಳಜಿ. 2013ರ ಕೆನಡಾದ 25 ಸೆಂಟಿನ ನಾಣ್ಯದ ಮೇಲಿನ ತಿಮಿಂಗಿಲಗಳು ಅವರವು. ಪುಡ್ಲೊ ಪುಡ್ಲಾಟ್ ಕಸ್ತೂರಿ ಎತ್ತಿನ ಪಕ್ಕದಲ್ಲಿ ವಿಮಾನ ಇಳಿಸಿದವರು. 1990ರಲ್ಲಿ ಒಟ್ಟಾವಾದ ನ್ಯಾಷನಲ್ ಗ್ಯಾಲರಿ ಅವರ ಏಕವ್ಯಕ್ತಿ ಪ್ರದರ್ಶನ ಮಾಡಿತು. ಪುರಾಣ ಕಥೆಗಳಿಗೆ ನಿಂಗಿಯುಕುಲು ಟೀವೀ, ಇಗ್ಲೂಲಿಕ್ ಕಡೆಯ ಜರ್ಮೇನ್ ಅರ್ನಕ್ಟೌಯೋಕ್. ಬೇಕರ್ ಲೇಕ್‌ನ ಜೆಸ್ಸಿ ಊನಾರ್ಕ್ (1906–1985) ಉಣ್ಣೆಬಟ್ಟೆಯ ತುಂಡುಗಳನ್ನು ಹೊಲಿದು ಗೋಡೆಯಷ್ಟಗಲದ ಚಿತ್ರ ಮಾಡಿದವರು. ಕಸೂತಿ ಬಲ್ಲವರು ಅವರ ಹೊಲಿಗೆಯನ್ನು ಹತ್ತಿರದಿಂದ ನೋಡಬೇಕು.

ಗೂಬೆ, ಹಿಮಕರಡಿ ಬಿಟ್ಟು ಟಿವಿ, ಫ್ರೀಜರ್ ಬಿಡಿಸಿದರೆ ಅದು ಇನುಯಿಟ್ ಕಲೆಯೇ?

ಈ ಪ್ರಶ್ನೆಯನ್ನು ಆ್ಯನಿ ಪೂಟೂಗೂಕ್ ಬಗ್ಗೆ ದಕ್ಷಿಣ ಕೆನಡಾದ ಕೊಳ್ಳುವವರೂ ಮೊದಲಿಗೆ ಕೇಳಿದರು. ಅವರ ಚಿತ್ರದಲ್ಲಿ ಸಂಸಾರ ನೆಲದ ಮೇಲೆ ಕೂತಿದೆ, ನಡುವೆ ಸೀಲ್ ಮಾಂಸ, ಕೈಯಲ್ಲಿ ಅರ್ಧಚಂದ್ರದ ಕತ್ತಿ. ಅದೇ ಕೋಣೆಯಲ್ಲಿ ಟಿವಿ. ಇನ್ನೊಂದರಲ್ಲಿ ಊರಿನ ಅಂಗಡಿಯ ಫ್ರೀಜರ್ ಮುಂದೆ ಗಿರಾಕಿಗಳು. ಹೊರಗೆಲ್ಲ ಹಿಮ, ಒಳಗೆ ಕರೆಂಟಿನಿಂದ ತಣ್ಣಗಿಟ್ಟ ಊಟ. ಕುಡಿತ, ಹೆಂಡತಿಯನ್ನು ಹೊಡೆಯುವ ಗಂಡ, ಅದನ್ನೂ ಬಿಟ್ಟಿಲ್ಲ. ಅಜ್ಜಿ ಪಿಟ್ಸಿಯೊಲಾಕ್ ಅವರ ದಪ್ಪ ಕಪ್ಪು ಫ್ರೇಮಿನ ಕನ್ನಡಕವೊಂದನ್ನೇ ಹಾಳೆಯ ಮೇಲೆ ಇಟ್ಟ ಚಿತ್ರವೂ ಇದೆ. ಆ್ಯನಿಗೆ 2006ರಲ್ಲಿ ಕೆನಡಾದ ಸೋಬಿ ಕಲಾಪ್ರಶಸ್ತಿ, 2007ರಲ್ಲಿ ಜರ್ಮನಿಯ ಡಾಕ್ಯುಮೆಂಟಾ 12 ಕಲಾಪ್ರದರ್ಶನದಲ್ಲಿ ಜಾಗ. ಉತ್ತರದ ಸಂಸ್ಕೃತಿ ಎಂದರೆ ಅಲ್ಲಿನ ಜನ ಇವತ್ತು ಬದುಕುವ ರೀತಿ. ಗೂಬೆಯಷ್ಟೇ ಫ್ರೀಜರೂ ಅದರ ಭಾಗ.

ಚಿತ್ರಗಳಲ್ಲಿ ಪದೇ ಪದೇ ಕಾಣುವ ವಸ್ತುಗಳು ಯಾವುವು?

ಅರ್ಧಚಂದ್ರದ ಅಲಗು, ಮೇಲೆ ಹಿಡಿ: ‘ಉಲು’, ಹೆಂಗಸರ ಕತ್ತಿ. ಬೆನ್ನ ಹಿಂದೆ ಮಗು ಕೂರುವ ಚೀಲವಿರುವ ಅಂಗಿ ‘ಅಮೌಟಿ’. ಅಗಲ ತಟ್ಟೆಯಂತೆ ಕಂಡು, ಅಂಚಿನುದ್ದಕ್ಕೂ ಸಣ್ಣ ಜ್ವಾಲೆಗಳಿದ್ದರೆ ಅದು ‘ಕುಲ್ಲಿಕ್’, ಸೀಲ್ ಕೊಬ್ಬಿನಿಂದ ಉರಿಯುವ ಕಲ್ಲಿನ ದೀಪ. ಉದ್ದನೆಯ ಜಾರುಬಂಡಿ ‘ಕಮುಟೀಕ್’. ಅದರ ಅಡ್ಡಪಟ್ಟಿಗಳನ್ನು ಮೊಳೆ ಹೊಡೆಯದೆ ಹಗ್ಗದಿಂದ ಕಟ್ಟಿರುತ್ತಾರೆ, ಉಬ್ಬುತಗ್ಗಿನ ಮಂಜಿನ ಮೇಲೆ ಬಂಡಿ ಬಳುಕಬೇಕು, ಮೊಳೆಯಾದರೆ ಮರ ಸೀಳುತ್ತದೆ. ಬಲ್ಲ ಚಿತ್ರಕಾರರು ಆ ಗಂಟುಗಳನ್ನೂ ಬಿಡಿಸುತ್ತಾರೆ.

ಕಲ್ಲು ಪೇರಿಸಿದ ಗುರುತು ‘ಇನುಕ್ಶುಕ್’. ಕೈಕಾಲು ಚಾಚಿದ ಮನುಷ್ಯನಂತಿದ್ದರೆ ಅದಕ್ಕೆ ‘ಇನುನ್ನ್ಗುವಾಕ್’ ಎಂಬ ಬೇರೆ ಹೆಸರಿದೆ. ವಿಮಾನ ನಿಲ್ದಾಣದ ಅಂಗಡಿಗಳಲ್ಲಿ ಎರಡನ್ನೂ ಒಂದೇ ಹೆಸರಿನಲ್ಲಿ ಮಾರುತ್ತಾರೆ. ಸೊಂಟದಿಂದ ಕೆಳಗೆ ಮೀನಾಗಿರುವ ಹೆಂಗಸು ಕಡಲ ಒಡತಿ: ಸೆಡ್ನಾ, ನುಲಿಯಾಜುಕ್, ಕಿಂಗೈಟ್‌ನವರಿಗೆ ತಲೀಲಾಯು. ಅವಳ ಕಡಿದ ಬೆರಳುಗಳೇ ಸೀಲ್, ವಾಲ್ರಸ್, ತಿಮಿಂಗಿಲಗಳಾದವು ಎಂಬುದು ಕಥೆ. ಮತ್ಸ್ಯಕನ್ಯೆ ಎಂದು ಅನುವಾದಿಸಿದರೆ ಕಥೆಯೇ ಹೋಗುತ್ತದೆ.

ಕೊಳ್ಳುವಾಗ ಅಸಲಿ ಎಂದು ತಿಳಿಯುವುದು ಹೇಗೆ?

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಒಯ್ಯಿರಿ. ಬಣ್ಣದ ಭಾಗದಲ್ಲಿ ಸಾಲು ಸಾಲು ಚುಕ್ಕಿ ಕಂಡರೆ ಅದು ಆಫ್‌ಸೆಟ್ ಪೋಸ್ಟರ್, ಯಾರ ಸಹಿ ಇದ್ದರೂ ಸರಿ. ಸ್ಟೋನ್‌ಕಟ್‌ನಲ್ಲಿ ಶಾಯಿ ಚುಕ್ಕಿಯಿಲ್ಲದೆ ಒಂದೇ ಪದರವಾಗಿ ಕೂತಿರುತ್ತದೆ, ಅಲ್ಲಲ್ಲಿ ಕಲ್ಲಿನ ತರಿ ಕಾಣುತ್ತದೆ. ಕೆಳ ಅಂಚಿನಲ್ಲಿ ಶೀರ್ಷಿಕೆ, ವಿಧಾನ, 23/50 ಎಂಬಂತೆ ಸಂಖ್ಯೆ, ವರ್ಷ ಪೆನ್ಸಿಲ್‌ನಲ್ಲಿರುತ್ತವೆ. ಕಿಂಗೈಟ್‌ನದಾದರೆ ಕೆಂಪು ಇಗ್ಲೂ ಮುದ್ರೆ. 1960ರಿಂದ 80ರ ದಶಕದ ಪ್ರಿಂಟುಗಳಲ್ಲಿ ಬಹುತೇಕ ಬಣ್ಣವಿಲ್ಲದ ಉಬ್ಬು ಮುದ್ರೆಯೂ ಇರುತ್ತದೆ, ಕಾಗದವನ್ನು ಬೆಳಕಿಗೆ ಓರೆ ಹಿಡಿದರೆ ಕಾಣುತ್ತದೆ. ಕೆತ್ತನೆ, ಕರಕುಶಲಕ್ಕೆ 1958ರಿಂದ ‘ಇಗ್ಲೂ ಟ್ಯಾಗ್’ ಗುರುತಿದೆ, 2017ರಿಂದ ಅದು ಇನುಯಿಟ್ ಆರ್ಟ್ ಫೌಂಡೇಶನ್ ಕೈಯಲ್ಲಿದೆ.

ಭಾರತಕ್ಕೆ ತರುವವರು ಕಾಗದದ ಕೆಲಸವನ್ನೇ ಆರಿಸುವುದು ಜಾಣತನ. ವಾಲ್ರಸ್ ದಂತ, ತಿಮಿಂಗಿಲದ ಎಲುಬಿನ ಕೆತ್ತನೆಗೆ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪರವಾನಗಿ ಬೇಕಾಗುತ್ತದೆ, ಇಲ್ಲದಿದ್ದರೆ ಕಸ್ಟಮ್ಸ್‌ನಲ್ಲೇ ಉಳಿಯುತ್ತದೆ.

ಎಲ್ಲಿ ಹೋಗಿ ನೋಡಬಹುದು?

ವಿನ್ನಿಪೆಗ್‌ನ ಕೌಮಾಜುಕ್, 2021ರಲ್ಲಿ ತೆರೆದದ್ದು, ಇನುಯಿಟ್ ಕಲೆಗೆಂದೇ ಕಟ್ಟಿದ್ದು. ಒಳಗೆ ಬಂದ ಕೂಡಲೇ ಗಾಜಿನ ಉಗ್ರಾಣದಲ್ಲಿ ಸಾವಿರಾರು ಕೆತ್ತನೆಗಳು ಕಾಣುತ್ತವೆ. ಟೊರಾಂಟೊ ಸುತ್ತಮುತ್ತ ಇರುವ ಕನ್ನಡಿಗರಿಗೆ ಕ್ಲೈನ್‌ಬರ್ಗ್‌ನ ಮೆಕ್‌ಮೈಕಲ್ ಸಂಗ್ರಹಾಲಯ ಹತ್ತಿರ. ಕಿಂಗೈಟ್ ಸಂಘದ ಸುಮಾರು 90,000 ಚಿತ್ರಗಳನ್ನು ಕಾಪಿಟ್ಟಿರುವುದು ಅಲ್ಲೇ. ಕಿಂಗೈಟ್‌ನಲ್ಲೇ 2018ರಲ್ಲಿ ಕೆನೊಜುವಾಕ್ ಹೆಸರಿನ ಕೇಂದ್ರ ತೆರೆಯಿತು.

ಮಕ್ಕಳು ಶಾಲೆಯಲ್ಲಿ ನಕಲು ಮಾಡಬಹುದೇ?

ಕಲಿಕೆಗೆ ಮಾಡಲಿ, ಕೆಳಗೆ ಚಿತ್ರಕಾರರ ಹೆಸರು ಬರೆಯಲಿ. ಅಂಗಿ, ಮಗ್‌ಗಳ ಮೇಲೆ ಹಾಕಿ ಮಾರುವುದು ಬೇರೆ ಮಾತು. ಹಕ್ಕುಸ್ವಾಮ್ಯ ಭಾರತದಲ್ಲಿ ಸಾವಿನ ನಂತರ 60 ವರ್ಷ, ಕೆನಡಾದಲ್ಲಿ 70. ಮೂಲ ಪ್ರತಿಯನ್ನೇ ಕೊಂಡಿದ್ದರೂ ಅಚ್ಚು ಹಾಕಿಸುವ ಹಕ್ಕು ಅದರೊಂದಿಗೆ ಬರುವುದಿಲ್ಲ.

ಪ್ರಿಂಟ್ ಮನೆಗೆ ಬಂತು. ಫ್ರೇಮ್ ಹೇಗೆ?

ಫ್ರೇಮ್ ಅಂಗಡಿಯವರಿಗೆ ಮೊದಲೇ ಎರಡು ಮಾತು ಹೇಳಿ: ಅಂಚು ಕತ್ತರಿಸಕೂಡದು, ಹಿಂದೆ ಸೆಲೊಟೇಪ್, ಫೆವಿಕಾಲ್ ಹಚ್ಚಕೂಡದು. ಜಪಾನಿ ಕಾಗದದ ಅಂಚು ಹರಿದಂತೆ ಇರುವುದು ಅದರ ಸಹಜ ರೂಪ, ಮುದ್ರೆ ಸಂಖ್ಯೆಗಳೂ ಆ ಅಂಚಿನ ಹತ್ತಿರವೇ ಇರುತ್ತವೆ. ಮೇಲಿನ ಎರಡು ಮೂಲೆಗೆ ಮಾತ್ರ ತೆಳು ಜಪಾನಿ ಕಾಗದದ ಪಟ್ಟಿಯನ್ನು ಗೋಧಿ ಪಿಷ್ಟದ ಅಂಟಿನಿಂದ ಕೂರಿಸಿ, ಆಮ್ಲರಹಿತ ರಟ್ಟಿನ ಮೌಂಟಿಗೆ ತೂಗುಬಿಡಬೇಕು. ಗಾಜು ಕಾಗದಕ್ಕೆ ತಾಗಬಾರದು, 4–5 ಮಿಲಿಮೀಟರ್ ಅಂತರವಿರಲಿ. ತಾಗಿದರೆ ಮಳೆಗಾಲದಲ್ಲಿ ತೇವ ಕೂತು ಶಾಯಿ ಗಾಜಿಗೆ ಅಂಟುತ್ತದೆ.

ಮಂಗಳೂರು, ಕಾರವಾರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೋಡೆಯ ಮೇಲೆ ತೂಗಲೇಬೇಡಿ. ಆರ್ದ್ರತೆ 65 ಶೇಕಡಾ ದಾಟಿದರೆ ಬೂಷ್ಟು ಶುರು, ಪಿಷ್ಟದ ಅಂಟಿಗೆ ಬೆಳ್ಳಿಹುಳು ಬರುತ್ತದೆ. ಒಳಗೋಡೆ, ಫ್ರೇಮಿನ ಹಿಂದೆ ಗಾಳಿಯಾಡಲು ಕೆಳಮೂಲೆಗಳಿಗೆ ಸಣ್ಣ ಕಾರ್ಕ್ ತುಂಡು. ಕೆನಡಾದಲ್ಲಿರುವವರಿಗೆ ತಿರುವುಮುರುವು: ಚಳಿಗಾಲದ ಹೀಟರ್ ಮನೆಯ ಗಾಳಿಯನ್ನು ಒಣಗಿಸಿ ಕಾಗದ ಸುರುಟುತ್ತದೆ, ಬಿಸಿಗಾಳಿ ಬರುವ ಕಿಂಡಿಯ ಮೇಲೆ ತೂಗಬೇಡಿ.

ಬೆಳಕಿನ ಲೆಕ್ಕ ವಿಧಾನಕ್ಕೆ ತಕ್ಕಂತೆ. 1960–70ರ ದಶಕದ ಫೆಲ್ಟ್ ಪೆನ್ನಿನ ಚಿತ್ರಗಳೇ ಎಲ್ಲಕ್ಕಿಂತ ಬೇಗ ಮಾಸುತ್ತವೆ, ಆಗಲೇ ಎಷ್ಟೋ ಮಾಸಿವೆ. ಅವನ್ನು ಫೋಲ್ಡರ್‌ನಲ್ಲಿಟ್ಟು ಬೇಕಾದಾಗ ತೆಗೆದು ನೋಡುವುದು ಒಳ್ಳೆಯದು. ಬಣ್ಣದ ಪೆನ್ಸಿಲ್‌ನವಕ್ಕೆ ಮ್ಯೂಸಿಯಂಗಳು 50 ಲಕ್ಸ್ ದಾಟುವುದಿಲ್ಲ, ಅಂದರೆ ಕಿಟಕಿ ಪರದೆ ಎಳೆದ ಕೋಣೆಯ ಮಂದ ದೀಪ. ಒತ್ತಿ ತುಂಬಿದ ಗಾಢ ಬಣ್ಣದ ಮೇಲೆ ಕೆಲವು ವರ್ಷಗಳ ನಂತರ ಬಿಳಿ ಮಬ್ಬು ಕಂಡರೆ ಬೂಷ್ಟೆಂದು ಗಾಬರಿಯಾಗಿ ಬಟ್ಟೆಯಿಂದ ಒರೆಸಬೇಡಿ. ಪೆನ್ಸಿಲ್‌ನಲ್ಲಿರುವ ಮೇಣ ಮೇಲೆದ್ದು ಬಂದದ್ದು ಅದು. ಒರೆಸಿದರೆ ಬಣ್ಣವೂ ಜೊತೆಗೆ ಎದ್ದು ಬರುತ್ತದೆ. ಕಾಗದ ಸಂರಕ್ಷಣೆ ಬಲ್ಲವರ ಕೈಗೇ ಕೊಡಿ.